ಹೋಟೆಲಿನ ಮೇಜು, ಮನೆಯ ಮಗು

ವಾಚಕರೇ, ಭಾನುವಾರ ಸಂಜೆ ಪೇಟೆಯ ಯಾವುದಾದರೊಂದು ಹೋಟೆಲಿಗೆ ನೀವು ಹೋಗಿದ್ದರೆ ಈ ದೂರು ನಿಮ್ಮ ಕಿವಿಗೂ ಬಿದ್ದಿರುತ್ತದೆ: “ಈಗಿನ ಮಕ್ಕಳಿಗೆ ನಾಲ್ಕು ಜನರ ನಡುವೆ ಕುಳಿತು ತಿನ್ನುವ ಕ್ರಮವೇ ತಿಳಿಯದು.” ಒಂದು ಮಗು ಮೇಜುಗಳ ಸಂದಿಯಲ್ಲಿ ಓಡುತ್ತಿರುತ್ತದೆ, ಇನ್ನೊಂದು ಚಮಚದಿಂದ ಲೋಟವನ್ನು ಬಡಿಯುತ್ತಿರುತ್ತದೆ, ಮೂರನೆಯದು ತಂದೆಯ ಮೊಬೈಲ್ ಫೋನು ಕೈಗೆ ಬಂದ ಹೊರತು ಬಾಯಿ ತೆರೆಯುವುದಿಲ್ಲ. ಪಕ್ಕದ ಮೇಜಿನ ಹಿರಿಯರು ಹುಬ್ಬು ಗಂಟಿಕ್ಕಿ, “ಹಿಂದೆ ಹೀಗಿರಲಿಲ್ಲ” ಎನ್ನುತ್ತಾರೆ.

ಹಿಂದೆ ಹೀಗಿರಲಿಲ್ಲವೆಂಬುದು ನಿಜವೇ. ಆ ಹಿರಿಯರ ಮುತ್ತಜ್ಜ ಹುಡುಗನಾಗಿದ್ದಾಗ ಅವನ ಊರಿನಲ್ಲಿ ಹೋಟೆಲೇ ಇದ್ದಿರಲಾರದು. ಗುರುತು ಪರಿಚಯವಿಲ್ಲದವನ ಎದುರಿಗೆ, ಅವನ ಜಾತಿ ಕುಲ ಕೇಳದೆ ಒಂದೇ ಮೇಜಿಗೆ ಕುಳಿತು, ದುಡ್ಡು ಕೊಟ್ಟು ತಿಂದು ಎದ್ದುಬರುವುದು ನಮ್ಮ ನಾಡಿನಲ್ಲಿ ಹೆಚ್ಚೆಂದರೆ ನಾಲ್ಕು ತಲೆಮಾರಿನ ಸಂಗತಿ. ಅದಕ್ಕೆ ತಕ್ಕ ನಡವಳಿಕೆ ನಮಗೆ ಪರಂಪರೆಯಿಂದ ಬಂದುದಲ್ಲ. ಹೊಸದಾಗಿ ಕಟ್ಟಿಕೊಳ್ಳಬೇಕಾಗಿ ಬಂದುದು. ಹೇಗೆ ಕಟ್ಟಿಕೊಂಡೆವು, ಎಷ್ಟು ಕಟ್ಟಿಕೊಂಡೆವು ಎಂಬುದನ್ನು ನೋಡಿದರೆ ಮಕ್ಕಳ ಮೇಲಿನ ದೂರು ಬೇರೆ ಬಣ್ಣ ತಾಳುತ್ತದೆ.

ಮೊದಲು ನಮಗಿದ್ದುದು ಪಂಕ್ತಿ. ಊಟದ ಭೋಗವನ್ನು ವರ್ಣಿಸಿದ ಗ್ರಂಥಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆ ಒಂದು ಪ್ರಕರಣವೇ ಮೀಸಲು; ಇಡ್ಲಿ ದೋಸೆಗಳ ಪೂರ್ವಜರ ಹೆಸರುಗಳು ಅಲ್ಲಿ ಸಿಗುತ್ತವೆ; ಅರಸನು ಮಕ್ಕಳು ಮೊಮ್ಮಕ್ಕಳು ಬಂಧುಗಳೊಡನೆ ಕುಳಿತು ಉಣ್ಣಬೇಕೆಂಬ ಮಾತೂ ಇದೆ. 16ನೆಯ ಶತಮಾನದ ಮಂಗರಸನ ‘ಸೂಪಶಾಸ್ತ್ರ’ವಂತೂ ಅಡುಗೆಗೇ ಮುಡಿಪಾದ ಕನ್ನಡ ಕಾವ್ಯ. ಆದರೆ ಇವೆಲ್ಲ ತನ್ನವರೊಡನೆ ಉಣ್ಣುವ ಮಾತು. ಅಪರಿಚಿತನೊಡನೆ ಉಣ್ಣುವ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಪಂಕ್ತಿಯ ಶಿಸ್ತನ್ನು ಕಂಡವರು ನಿಮ್ಮಲ್ಲಿ ಅನೇಕರಿರಬಹುದು. ಎಲೆಯ ತುದಿ ಎಡಕ್ಕೆ ಬರಬೇಕು. ಎಲೆಗೆ ತುಪ್ಪ ಬಿದ್ದು, ಹಿರಿಯರು ಕೈಯಿಡುವವರೆಗೆ ಮಗು ಎಷ್ಟೇ ಹಸಿದಿದ್ದರೂ ಎಲೆಗೆ ಕೈ ಹಚ್ಚಬಾರದು. ಎಡಗೈ ತಗುಲಬಾರದು. ಬೇಡವಾದದ್ದನ್ನು ಬಡಿಸುವ ಮುಂಚೆಯೇ ಕೈಯೊಡ್ಡಿ ತಡೆಯಬೇಕು; ಬಡಿಸಿಕೊಂಡ ಮೇಲೆ ಬಿಡುವಂತಿಲ್ಲ. ತನ್ನದು ಮುಗಿಯಿತೆಂದು ಮೊದಲೇ ಏಳುವಂತಿಲ್ಲ. ಸಾಲಿನ ಕೊನೆಯ ಮುದುಕರು ಮಜ್ಜಿಗೆಯನ್ನ ಮುಗಿಸುವವರೆಗೆ ಕಾದಿರಬೇಕು. ಮಲೆನಾಡು, ಕರಾವಳಿಗಳ ಔತಣಗಳಲ್ಲಿ ಊಟದ ನಡುವೆ ಹುಡುಗರಿಂದ ಶ್ಲೋಕ ಹೇಳಿಸುವ ವಾಡಿಕೆಯೂ ಉಂಟು. ಮಗು ಎದ್ದು ನಿಲ್ಲದೆ, ಕೂತಲ್ಲೇ, ಐವತ್ತು ಜನ ಕೇಳುವಂತೆ ಒಂದು ಪದ್ಯ ಹೇಳಿ, ಪಂಕ್ತಿಯಿಂದ ಶಹಬ್ಬಾಸ್ ಪಡೆಯುತ್ತದೆ. ನಾಲ್ಕು ಜನರೆದುರು ಬಾಯಿ ಬಿಡುವ ಧೈರ್ಯ ಎಷ್ಟೋ ಮಂದಿಗೆ ಬಂದುದು ಎಲೆಯ ಮುಂದೆ ಕುಳಿತೇ. ಇಂಥದೇ ಶಿಸ್ತು ಒಕ್ಕಲು ಮನೆಗಳ ಮದುವೆ ಸಾಲಿನಲ್ಲಿಯೂ ಮಠಗಳ ದಾಸೋಹದಲ್ಲಿಯೂ ತನ್ನ ತನ್ನ ರೀತಿಯಲ್ಲಿ ಇತ್ತು, ಇದೆ.

ಆದರೆ ಪಂಕ್ತಿ ಎಂಬ ಮಾತಿನ ಬೆನ್ನಿಗೇ ಪಂಕ್ತಿಭೇದ ಎಂಬ ಮಾತೂ ಹುಟ್ಟಿಕೊಂಡಿತೆಂಬುದನ್ನು ಮರೆಯಲಾಗದು. ಯಾರು ಯಾವ ಸಾಲಿನಲ್ಲಿ, ಯಾರು ಜಗಲಿಯಲ್ಲಿ, ಯಾರು ಅಂಗಳದಲ್ಲಿ, ಯಾರು ಎಲ್ಲರೂ ಎದ್ದ ಮೇಲೆ — ಇವನ್ನೆಲ್ಲ ಮಗು ತುಪ್ಪಕ್ಕಾಗಿ ಕಾಯುವುದನ್ನು ಕಲಿತ ಹಾಗೆಯೇ, ಅದೇ ಜಾಗದಲ್ಲಿ, ಅದೇ ಗಂಭೀರತೆಯಿಂದ ಕಲಿತುಕೊಂಡಿತು. ಹೆಣ್ಣುಮಗು ಕಲಿತದ್ದು ಮತ್ತೂ ಬೇರೆ. ಅವಳು ಬಡಿಸುವುದನ್ನು ಕಲಿತಳು. ಗಂಡಸರ ಪಂಕ್ತಿ ಮುಗಿದ ಮೇಲೆ ಅಡುಗೆಮನೆಯಲ್ಲಿ ಉಂಡಳು. ಒಳ್ಳೆಯ ನಡತೆಯೂ ಕೆಟ್ಟ ಕಟ್ಟಳೆಯೂ ಒಂದೇ ಎಲೆಯಲ್ಲಿ ಬಡಿಸಿಕೊಂಡು ಬಂದುವು.

ದಾರಿಹೋಕನ ಗತಿಯೇನು? ಅವನಿಗಾಗಿ ಸತ್ರ, ಛತ್ರ, ಅರವಟ್ಟಿಗೆಗಳಿದ್ದುವು. ಇವಕ್ಕೆ ಭೂಮಿ ಬಿಟ್ಟ ದಾನಗಳು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅಲ್ಲಿಯೂ ಯಾರಿಗೆ ಒಳಗೆ, ಯಾರಿಗೆ ಹೊರಗೆ ಎಂಬ ಎಣಿಕೆ ಬಿಟ್ಟಿರಲಿಲ್ಲ. ಎಲ್ಲವೂ ಅಲುಗಾಡಿದ್ದು ರೈಲು ಬಂದ ಮೇಲೆ. 1864ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರಪೇಟೆಯಿಂದ ರೈಲು ಬಂದಿತು. ಕಚೇರಿ, ಕೋರ್ಟು, ಕಾಲೇಜುಗಳಿಗಾಗಿ ಮನೆ ಬಿಟ್ಟು ಬಂದ ಗಂಡಸರು ಪೇಟೆಗಳಲ್ಲಿ ತುಂಬಿದರು. ಇವರಿಗೆ ದಿನಕ್ಕೆರಡು ಊಟ, ಎರಡು ಸಲ ಕಾಫಿ ಬೇಕು; ಬೇಯಿಸಿ ಹಾಕುವವರಿಲ್ಲ. ಹೀಗೆ ಕಾಫಿ ಕ್ಲಬ್ಬು, ಫಲಾಹಾರ ಮಂದಿರ, ಉತ್ತರದ ಕಡೆ ಖಾನಾವಳಿ, ಬೆಂಗಳೂರಿನಲ್ಲಿ ಮಾಂಸಾಹಾರಕ್ಕೆ ಮಿಲಿಟರಿ ಹೋಟೆಲು ಒಂದೊಂದಾಗಿ ಎದ್ದುವು. ಮೈಲಿಗೆಯ ಭಯವಿದ್ದವರನ್ನು ಒಳಗೆ ಕರೆಯಲು ಅನೇಕ ಹೋಟೆಲುಗಳು ‘ಬ್ರಾಹ್ಮಣರ’ ಎಂಬ ಮಾತನ್ನು ಹಲಗೆಯ ಮೇಲೆ ಬರೆಸಿದುವು. ಬೇಯಿಸಿದವರು ಯಾರೆಂಬ ಭರವಸೆಯೇ ಆಗಿನ ಜಾಹೀರಾತು.

ಹಾಗಾದರೆ ಆಗ ಸಾರ್ವಜನಿಕ ಸ್ಥಳದಲ್ಲಿ ಮಗುವಿನ ನಡತೆ ಚೆನ್ನಾಗಿದ್ದರೆ ಸಾಕಿತ್ತೆ? ಇದಕ್ಕೆ ಉತ್ತರವಾಗಿ ನೆರೆಯ ಮಹಾರಾಷ್ಟ್ರದ ಸತಾರಾ ಜಿಲ್ಲೆಯ ಒಂದು ಪ್ರಸಂಗವನ್ನು ಹೇಳಬೇಕು. ಇದನ್ನು ಡಾ. ಬಿ. ಆರ್. ಅಂಬೇಡ್ಕರ್ ಅವರೇ ಬರೆದಿಟ್ಟಿದ್ದಾರೆ. 1901ನೆಯ ಇಸವಿ; ಅವರಾಗ ಹತ್ತರ ಆಸುಪಾಸಿನ ಹುಡುಗ. ಬೇಸಗೆ ರಜೆಯಲ್ಲಿ ಅಣ್ಣ, ಅಕ್ಕನ ಮಕ್ಕಳು ಇವರೊಡನೆ, ಗೋರೆಗಾಂವಿನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಹೊರಟರು. ಹೊಸದಾಗಿ ಹೊಲಿಸಿದ ಅಂಗಿ, ಮಿರುಗುವ ಟೋಪಿ, ಹೊಸ ಜೋಡು, ರೇಷ್ಮೆಯಂಚಿನ ಧೋತ್ರ. ಮಸೂರ್ ನಿಲ್ದಾಣದಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಇವರು ಬರೆದ ಕಾಗದ ತಂದೆಗೆ ತಲುಪಿರಲಿಲ್ಲ. ಅಚ್ಚುಕಟ್ಟಾದ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರನು ಬ್ರಾಹ್ಮಣರ ಮಕ್ಕಳೆಂದೇ ಎಣಿಸಿ ಕನಿಕರದಿಂದ ವಿಚಾರಿಸಿದ. ಮಕ್ಕಳು ಮುಚ್ಚುಮರೆಯಿಲ್ಲದೆ ತಾವು ಮಹಾರರೆಂದರು. ಅವನ ಮುಖ ಬಣ್ಣಗೆಟ್ಟಿತು, ಹಿಂದಕ್ಕೆ ಸರಿದ. ಗಾಡಿಯವರೊಬ್ಬರೂ ಬರಲೊಪ್ಪಲಿಲ್ಲ. ಕಡೆಗೆ ಇಮ್ಮಡಿ ಬಾಡಿಗೆಗೆ ಒಬ್ಬನು ಒಪ್ಪಿದ. ಆದರೆ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುವನು. ಬುತ್ತಿಯ ಬುಟ್ಟಿಯಲ್ಲಿ ಒಳ್ಳೆಯ ಊಟವಿತ್ತು, ನೀರಿರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ ನೀರು ಬೇಡಿದರೂ ಸಿಗಲಿಲ್ಲ. ಬುಟ್ಟಿಯ ಊಟ ಬುಟ್ಟಿಯಲ್ಲೇ ಉಳಿಯಿತು. ಮಕ್ಕಳು ಹಸಿದು ಮಲಗಿದರು.

ಉಡುಪು, ಮಾತು, ಸತ್ಯ, ತಾಳ್ಮೆ — ಆ ಮಕ್ಕಳಲ್ಲಿ ಯಾವುದಕ್ಕೆ ಕೊರತೆಯಿತ್ತು? ಸಾರ್ವಜನಿಕ ಸಭ್ಯತೆ ಕಲಿಯಬೇಕಾಗಿದ್ದವರು ನಿಲ್ದಾಣದಲ್ಲಿದ್ದ ದೊಡ್ಡವರು.

ಆ ಹುಡುಗನೇ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷನಾದ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರೆತ್ತಿಯೇ, ಜಾತಿ ಮತಗಳ ಕಾರಣದಿಂದ ಯಾರನ್ನೂ ತಡೆಯಲಾಗದೆಂದು ಬರೆದಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಹೋಟೆಲಿನಲ್ಲಿ ಜನರ ಬಳಕೆಗೆಂದು ಇಟ್ಟ ಪಾತ್ರೆಗಳನ್ನು ಬಳಸದಂತೆ ಅಸ್ಪೃಶ್ಯತೆಯ ನೆಪದಲ್ಲಿ ತಡೆಯುವುದೂ ಅಪರಾಧವೆಂದಿತು. ಕಾಯಿದೆಯ ಕೈ ಕಾಫಿ ಲೋಟದವರೆಗೆ ನೀಡಿತೆನ್ನಬೇಕು. ನೀಡಲೇಬೇಕಾಗಿತ್ತು, ಹಳ್ಳಿಯ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟವಿಟ್ಟು, ಕುಡಿದವರೇ ತೊಳೆದಿಡುವ ಪದ್ಧತಿ ಬಳಿಕವೂ ದಶಕಗಳ ಕಾಲ ನಡೆದು, ಈಚಿನವರೆಗೂ ಪತ್ರಿಕೆಗಳಲ್ಲಿ ವರದಿಯಾಗಿದೆ. ಹಲಗೆಗಳ ಮೇಲಿನ ಜಾತಿಯ ಹೆಸರಿಗೂ ಜಗಳವಾಯಿತು. 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಮುರಳೀಸ್ ಕೆಫೆಯ ಮುಂದೆ ಪೆರಿಯಾರರ ಅನುಯಾಯಿಗಳು ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಯಿರೆಂದು ಬಹುಕಾಲ ಚಳವಳಿ ಹೂಡಿದ್ದರು.

ಬೆಂಗಳೂರಿನಲ್ಲಿ ಇದೇ ಸುಮಾರಿಗೆ ನಡೆದ ಒಂದು ಸಣ್ಣ ಪ್ರಯತ್ನ ನನ್ನಂಥ ಉಪಾಧ್ಯಾಯನಿಗೆ ಬಹಳ ಸ್ವಾರಸ್ಯವೆನಿಸುತ್ತದೆ. ಕರಾವಳಿಯ ಪರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ತೆರೆದ ಹೋಟೆಲು ಮೊದಲು ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂದಿತ್ತು. 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದಾಗ ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದಾಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದಿತು. ಸೋದರರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದರು. ಬಂದವರು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಮಾಡುವ ಏರ್ಪಾಡು ಮಾಡಿಸಿದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದೆಂದರು. ಅಷ್ಟಕ್ಕೆ ನಿಲ್ಲದೆ, ಊಟದ ನಡವಳಿಕೆಯ ಬಗ್ಗೆ ಸಣ್ಣ ಪುಸ್ತಿಕೆ ಅಚ್ಚುಹಾಕಿಸಿ ಹಂಚಿದರು. ಇಡ್ಲಿ ಮಾರುವವನು ಗಿರಾಕಿಗೆ ಪಾಠ ಹೇಳುವುದೆಂದರೆ ಎದೆಗಾರಿಕೆಯ ಕೆಲಸವೇ ಸರಿ. ಹಾಗೆ ಮಾಡಬೇಕಾಗಿ ಬಂದುದೇಕೆ? ಮನೆಯಲ್ಲಿ ಕಲಿತದ್ದು ಹೋಟೆಲಿಗೆ ಸಾಲದಾಗಿತ್ತು. ಪಂಕ್ತಿಯಲ್ಲಿ ಕೈ ತೊಳೆಯುವುದು, ಬಾಯಿ ಮುಕ್ಕಳಿಸುವುದು ಹಿತ್ತಿಲಿನ ಕಲ್ಲಿನ ಬಳಿ. ಹೋಟೆಲಿನಲ್ಲಿ ಒಂದೇ ಬೇಸಿನ್ನಿನ ಮುಂದೆ ಮೂವರು ನಿಂತಿರುತ್ತಾರೆ.

ಯುರೋಪಿನಲ್ಲಿಯೂ ಈ ಪಾಠ ತಾನಾಗಿ ಬಂದುದಲ್ಲ. ಹಾಲೆಂಡಿನ ಮಹಾವಿದ್ವಾಂಸ ಎರಾಸ್ಮಸ್ 1530ರಲ್ಲಿ ಮಕ್ಕಳ ಸಭ್ಯತೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಕಿರುಹೊತ್ತಗೆ ಬರೆದ. ಮೂಗನ್ನು ತೋಳಿಗೆ ಒರಸಬೇಡ, ಬಡಿಸಿದೊಡನೆ ಎಲ್ಲರಿಗಿಂತ ಮೊದಲು ತಟ್ಟೆಗೆ ಕೈ ಹಾಕಬೇಡ, ಜಿಡ್ಡಿನ ಬೆರಳನ್ನು ನೆಕ್ಕಬೇಡ, ಅಂಗಿಗೂ ಒರಸಬೇಡ — ಎಲ್ಲ ನಮ್ಮ ಅಜ್ಜಿಯರ ಮಾತಿನ ಹಾಗೆಯೇ ಕೇಳುತ್ತದೆ. ಎರಡೇ ವರ್ಷದಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಟಿತು. ಮುಂದೆ ಯುರೋಪಿನ ಶಾಲೆಗಳಲ್ಲೆಲ್ಲ ಪಠ್ಯವಾಯಿತು. ಅದನ್ನು ಅರ್ಪಿಸಿದ್ದು ಒಬ್ಬ ರಾಜಮನೆತನದ ಹುಡುಗನಿಗೆ. ಆದರೂ ಗ್ರಂಥದ ಕೊನೆಗೆ ಎರಾಸ್ಮಸ್ ಎರಡು ದೊಡ್ಡ ಮಾತುಗಳನ್ನು ಹೇಳಿದ್ದಾನೆ. ತಂದೆತಾಯಿಯನ್ನೂ ನಾಡನ್ನೂ ಯಾರೂ ಆರಿಸಿಕೊಂಡು ಹುಟ್ಟಲಾರರು, ಬುದ್ಧಿಯನ್ನೂ ನಡತೆಯನ್ನೂ ಯಾರು ಬೇಕಾದರೂ ತಿದ್ದಿಕೊಳ್ಳಬಹುದು ಎಂಬುದು ಒಂದು. ತಾನು ತಪ್ಪದೆ ನಡೆದು, ಇನ್ನೊಬ್ಬನ ತಪ್ಪನ್ನು ಸುಲಭವಾಗಿ ಮನ್ನಿಸುವುದೇ ಸಭ್ಯತೆಯಲ್ಲಿ ಮುಖ್ಯವಾದುದು ಎಂಬುದು ಇನ್ನೊಂದು. ಪಕ್ಕದ ಮೇಜಿನ ಮಗುವನ್ನು ಕಂಡು ಹುಬ್ಬು ಗಂಟಿಕ್ಕುವವರು ಈ ಎರಡನೆಯದನ್ನು ಗಮನಿಸಬೇಕೆಂದು ನನ್ನ ಬಿನ್ನಹ.

ಇನ್ನು ಮಕ್ಕಳು ಹೋಟೆಲಿಗೆ ಬಂದುದು ಯಾವಾಗ? ಗಂಡಸರಿಗಿಂತ ಬಹಳ ತಡವಾಗಿ, ತಾಯಂದಿರ ಜೊತೆಯಲ್ಲಿ. ಹೆಂಗಸರು ಹೋಟೆಲಿನಲ್ಲಿ ಕುಳಿತು ತಿನ್ನುವುದು ನಾಚಿಕೆಯ ವಿಷಯವಾಗಿದ್ದ ದಿನಗಳಲ್ಲಿ ‘ಫ್ಯಾಮಿಲಿ ರೂಂ’ ಎಂಬ ಹಲಗೆ ಬಂದಿತು: ಮೂಲೆಯಲ್ಲಿ ಮರದ ಅಡ್ಡಗೋಡೆ, ಬಾಗಿಲಿಗೊಂದು ಪರದೆ. ಮಕ್ಕಳ ಗಲಾಟೆಯೆಲ್ಲ ಆ ಪರದೆಯ ಒಳಗೇ ನಡೆದುಹೋಗುತ್ತಿತ್ತು. ಹೆಂಗಸರು ಸಂಕೋಚ ಬಿಟ್ಟು ನಡುಮನೆಯ ಮೇಜಿಗೆ ಬಂದರು. ಪರದೆಗಳು ಅನೇಕ ಕಡೆ ಮಾಯವಾದುವು. ಅವರೊಡನೆ ಮಕ್ಕಳೂ ಬೆಳಕಿಗೆ ಬಂದರು. ಈಗಿನ ದೂರಿನಲ್ಲಿ ಒಂದು ಪಾಲು ಇದರಿಂದಲೇ ಹುಟ್ಟಿದ್ದು. ನನಗಂತೂ ಪರದೆಗಿಂತ ಗಲಾಟೆಯೇ ವಾಸಿಯೆನಿಸುತ್ತದೆ.

ಆದರೆ ಇವರಿಗಿಂತ ಎಷ್ಟೋ ಮೊದಲೇ ಹೋಟೆಲಿನಲ್ಲಿ ಇನ್ನೊಂದು ಮಗು ಇತ್ತು. ಅದು ಮೇಜಿನ ಮುಂದೆ ಕುಳಿತಿರಲಿಲ್ಲ; ಮೇಜನ್ನು ಒರಸುತ್ತಿತ್ತು.

‘ಮಾಣಿ’ ಎಂಬ ಶಬ್ದವನ್ನೇ ನೋಡಿರಿ. ಹಳಗನ್ನಡದಲ್ಲಿ ಅದಕ್ಕೆ ಬ್ರಹ್ಮಚಾರಿ, ವಟು ಎಂದರ್ಥ. ಸಂಸ್ಕೃತದ ‘ಮಾಣವಕ’ದ ನಂಟಿನದು. ಕರಾವಳಿಯ ಮನೆಗಳಲ್ಲಿ ಈಗಲೂ ಮುದ್ದಿನಿಂದ ಗಂಡುಮಗುವನ್ನು ಮಾಣಿ ಎನ್ನುತ್ತಾರೆ. ಅದೇ ಕರಾವಳಿಯ ಬಡ ಮನೆಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಘಟ್ಟ ಹತ್ತಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಗೆ, ಹಡಗು ಹತ್ತಿ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ಸೇರಿಕೊಂಡರು. ಹೀಗೆ ಹಾಲುಗಲ್ಲದ ಹುಡುಗನ ಮುದ್ದಿನ ಹೆಸರು ಹೋಟೆಲಿನಲ್ಲಿ ಬಡಿಸುವವನ ಹೆಸರಾಯಿತು. ಐವತ್ತು ದಾಟಿ ತಲೆ ನರೆತರೂ ಅವನು ಗಿರಾಕಿಗೆ ಮಾಣಿಯೇ. ಅರ್ಥ ಹೀಗೆ ಬದಲಾದ ಒಂದೊಂದು ಶಬ್ದದಲ್ಲಿ ಒಂದೊಂದು ಚರಿತ್ರೆಯಿರುತ್ತದೆ.

ಇವರಲ್ಲಿ ಮೇಲೆ ಬಂದವರ ಕಥೆಗಳು ಪ್ರಸಿದ್ಧ. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ 1938ರಲ್ಲಿ ‘ವುಡ್‌ಲ್ಯಾಂಡ್ಸ್’ ಸ್ಥಾಪಿಸಿದರು. ಹುಡುಗನಾಗಿದ್ದಾಗಲೇ ಮುಂಬಯಿಯ ಅಡುಗೆಮನೆ ಸೇರಿದ ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’ ತೆರೆದರು. ಹಗಲು ಲೋಟ ತೊಳೆದು ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಗುಮಾಸ್ತರೂ ವಕೀಲರೂ ಆದವರುಂಟು. ಇಂಥ ಕಥೆಗಳನ್ನು ಶಾಲೆಯಲ್ಲಿ ನಾವು ಉತ್ಸಾಹದಿಂದ ಹೇಳುತ್ತೇವೆ. ಹೇಳುವಾಗ ಲೆಕ್ಕಕ್ಕೆ ಸಿಗದ ಉಳಿದ ಹುಡುಗರನ್ನೂ ನೆನೆಯುವುದು ಒಳ್ಳೆಯದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಹಿಟ್ಟಿನ ಮೂಟೆಗಳ ನಡುವೆ ಮಲಗಿ, ಊರಿನ ತಾಯಿಗೆ ಮನಿಯಾರ್ಡರು ಕಳಿಸಿ, ಹಾಗೆಯೇ ಕಳೆದುಹೋದವರು ಅವರು.

ಒಂದು ಮೇಜು, ಎರಡು ಮಕ್ಕಳು; ವಯಸ್ಸು ಹೆಚ್ಚುಕಡಮೆ ಒಂದೇ. ಕುಳಿತ ಮಗು ತಂದೆಯಿಂದ ಏನು ಕಲಿಯುತ್ತಿತ್ತು? ವ್ಯಾಕರಣವನ್ನೇ ಕಲಿಯುತ್ತಿತ್ತೆಂದು ಕನ್ನಡ ಪಂಡಿತನಾದ ನಾನು ಹೇಳಬೇಕು. ಗಲ್ಲೆಯ ಮೇಲೆ ಕೂತ ಯಜಮಾನರಿಗೆ ‘ನೀವು, ಬನ್ನಿ’. ಬಡಿಸುವವನಿಗೆ ‘ಏಯ್, ಬಾರೋ ಇಲ್ಲಿ’. ಮಧ್ಯಮಪುರುಷದ ಏಕವಚನ ಬಹುವಚನಗಳನ್ನು ನಾವು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವುದಕ್ಕಿಂತ ಮುಂಚೆಯೇ ಎಂಟು ವರ್ಷದ ಮಗು ಹೋಟೆಲಿನಲ್ಲಿ ಅವನ್ನು ಪ್ರಯೋಗಿಸಿ ಆಗಿರುತ್ತಿತ್ತು. ಕಾಫಿ ಚೆಲ್ಲಿದರೆ ಮಾಣಿಗೆ ಬೈಗುಳ; ಮಗು ಚೆಲ್ಲಿದರೆ ‘ಏ ಮಾಣಿ, ಒರಸೋ’. ಚಮಚ ಬಡಿಯುವುದು, ಓಡುವುದು ಬುದ್ಧಿ ಬಂದ ಮೇಲೆ ತಾನಾಗಿ ನಿಲ್ಲುವ ಚೇಷ್ಟೆಗಳು. ಈ ‘ಏಯ್’ ಒಮ್ಮೆ ನಾಲಗೆಗೆ ಹತ್ತಿದರೆ ಮುದುಕರಾದರೂ ಹೋಗುವುದಿಲ್ಲ. ಹೋಟೆಲುಗಳಲ್ಲಿ ಹುಬ್ಬು ಗಂಟಿಕ್ಕುವ ಹಿರಿಯರ ಬಾಯಲ್ಲಿಯೇ ಎಷ್ಟೋ ಸಲ ಇದನ್ನು ಕೇಳಿದ್ದೇನೆ.

ಕಾನೂನು ಈ ಎರಡನೆಯ ಮಗುವನ್ನು ತಲುಪಲು ಬಹಳ ತಡಮಾಡಿತು. ಬಾಲಕಾರ್ಮಿಕರ ಕಾಯಿದೆ 1986ರಲ್ಲಿಯೇ ಬಂದರೂ ಹೋಟೆಲು, ಢಾಬಾ, ಚಹಾದ ಅಂಗಡಿ, ಮನೆಗೆಲಸ ಇವೆಲ್ಲ ಅದರ ಪಟ್ಟಿಯ ಹೊರಗೇ ಉಳಿದುವು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನವರನ್ನು ಇಲ್ಲಿಯೂ ದುಡಿಸಕೂಡದೆಂದಾಯಿತು. 2016ರ ತಿದ್ದುಪಡಿ, ಮನೆಯವರ ಉದ್ಯೋಗದಂಥ ಕೆಲವನ್ನು ಬಿಟ್ಟು ಉಳಿದೆಲ್ಲ ಕೆಲಸಗಳಿಗೂ ಇದನ್ನು ಹಬ್ಬಿಸಿತು. ಸಂವಿಧಾನವು ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆದ 56 ವರ್ಷಗಳ ಮೇಲೆ, ಮಾಣಿಗೆ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಲು ದಾರಿಯಾಯಿತು.

ಅವನು ಬರಬೇಕಾದ ಜಾಗ ಶಾಲೆ. ಅಲ್ಲಿ ಈಗ ಪಂಕ್ತಿಯೊಂದು ಮತ್ತೆ ಏರ್ಪಟ್ಟಿದೆ. ಬೇಯಿಸಿದ ಊಟವನ್ನೇ ಶಾಲೆಗಳಲ್ಲಿ ಕೊಡಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟು ಆಜ್ಞೆಮಾಡಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಿಂದ ಆರಂಭವಾದ ‘ಅಕ್ಷರ ದಾಸೋಹ’ ಮುಂದೆ ಎಲ್ಲೆಡೆ ಹಬ್ಬಿ ಪ್ರೌಢಶಾಲೆಗಳಿಗೂ ಬಂದಿತು. ಜಗಲಿಯ ಮೇಲೆ ಮಕ್ಕಳು ಸಾಲಾಗಿ ಕೂರುತ್ತಾರೆ. ಎಲ್ಲರಿಗೂ ಬಡಿಸುವವರೆಗೆ ಕಾಯುತ್ತಾರೆ, ಅಥವಾ ಕಾಯುವಂತೆ ನಾವು ಕಣ್ಣು ಬಿಡುತ್ತೇವೆ. ಗಂಡುಹೆಣ್ಣೆನ್ನದೆ ಒಂದೇ ಹೊತ್ತಿಗೆ ಉಣ್ಣುತ್ತಾರೆ. ಹಳೆಯ ಪಂಕ್ತಿಯ ಶಿಸ್ತು ಅದರ ಭೇದವನ್ನು ಬಿಟ್ಟು ಇಲ್ಲಿ ಉಳಿದುಕೊಂಡಿದೆ ಎಂದು ಹೇಳಬೇಕೆನ್ನುವಷ್ಟರಲ್ಲಿ, ಅಡುಗೆಯವಳ ಜಾತಿ ಕೇಳಿ ದೊಡ್ಡವರು ಮಕ್ಕಳನ್ನು ಊಟಕ್ಕೆ ಬಿಡದ ಸುದ್ದಿ ಯಾವುದೋ ತಾಲ್ಲೂಕಿನಿಂದ ಪತ್ರಿಕೆಯಲ್ಲಿ ಬರುತ್ತದೆ. ಮಕ್ಕಳಾಗಿಯೇ ಎದ್ದು ಹೋದುದನ್ನು ನಾನಂತೂ ಕಂಡಿಲ್ಲ.

ಪೇಟೆಯ ಹೋಟೆಲುಗಳೂ ಸುಮ್ಮನಿಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ‘ದರ್ಶಿನಿ’ಗಳು ಹುಟ್ಟಿ ರಾಜ್ಯದ ಊರೂರಿಗೆ ಹರಡಿದುವು. ಅಲ್ಲಿ ಕುರ್ಚಿಯಿಲ್ಲ, ಪರದೆಯಿಲ್ಲ, ಮಾಣಿಯೂ ಇಲ್ಲ. ಚೀಟಿ ಕೊಂಡು, ಸಾಲಿನಲ್ಲಿ ನಿಂತು, ತಟ್ಟೆ ತಾನೇ ತಂದು, ಯಾರದೋ ತಟ್ಟೆಯ ಪಕ್ಕದಲ್ಲಿಟ್ಟು ನಿಂತೇ ತಿನ್ನಬೇಕು. ಮೇಜು ದೊಡ್ಡವರ ಎದೆಯೆತ್ತರಕ್ಕಿರುವುದರಿಂದ ಮಕ್ಕಳಿಗೆ ನಿಲುಕುವುದಿಲ್ಲ; ತಂದೆ ತಟ್ಟೆ ಹಿಡಿದು ಬಗ್ಗಬೇಕು, ಇಲ್ಲವೆ ತಾಯಿ ತುತ್ತು ಕೊಡಬೇಕು. ಬಡಾವಣೆಯ ಡಾಕ್ಟರರೂ ಆಟೋ ಓಡಿಸುವವರೂ ಒಂದೇ ಮೇಜಿನ ಸುತ್ತ ನಿಂತಿರುತ್ತಾರೆ. ತಿಂದು ಮುಗಿದ ಮೇಲೆ ಎಂಜಲು ತಟ್ಟೆಯನ್ನು ಒಯ್ದು ಮೂಲೆಯ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಹಾಕಬೇಕು. ಅದನ್ನು ತಾನೇ ಒಯ್ಯುತ್ತೇನೆಂದು ಹಟ ಹಿಡಿಯುವುದು ಬಹುಮಟ್ಟಿಗೆ ಮಕ್ಕಳೇ. ಎರಡು ಕೈಯಲ್ಲಿ ತಟ್ಟೆ ಹಿಡಿದು, ಉಳಿದ ಸಾಂಬಾರು ಚೆಲ್ಲದ ಹಾಗೆ ನಾಲಗೆ ಕಚ್ಚಿಕೊಂಡು ನಡೆದುಹೋಗಿ, ತೊಟ್ಟಿಯ ಬಳಿ ನಿಂತ ಕೆಲಸದವರ ಕೈಗೇ ಕೊಡುತ್ತಾರೆ. ಆ ಕೆಲಸದವರು ಈಚೆಗೆ ಹಲವು ಕಡೆ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದವರು; ಮಕ್ಕಳು ಅವರನ್ನು ‘ಅಣ್ಣಾ’ ಎಂದೋ ‘ಭಯ್ಯಾ’ ಎಂದೋ ಕರೆಯುತ್ತಾರೆ.